ಸ್ಕ್ಯಾನರ್ ಕಾಣುತ್ತದೆ, ಸ್ಕ್ಯಾನ್ ಆಗುತ್ತಿಲ್ಲ: ಓಪನ್‌ಬಿಎಸ್‌ಡಿಯಲ್ಲಿ ಸೇನ್ ದೋಷ ಹುಡುಕುವ ಬಗೆ

ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಮನೆಮನೆಯಲ್ಲೂ ಹಳೆಯ ಕಾಗದ ಇರುತ್ತದೆ. ಯಕ್ಷಗಾನ ಪ್ರಸಂಗದ ಪುಸ್ತಕ, ತಾಳಮದ್ದಲೆಗೆ ಬರೆದಿಟ್ಟುಕೊಂಡ ಟಿಪ್ಪಣಿ, ಅಡಿಕೆ ವ್ಯಾಪಾರದ ಲೆಕ್ಕದ ಪುಸ್ತಕ, ಜಮೀನಿನ ಪತ್ರ. ಮಳೆಗಾಲದ ತೇವ ಮತ್ತು ಗೆದ್ದಲು ಸೇರಿ ವರ್ಷವೂ ಅದರಲ್ಲಿ ಒಂದಿಷ್ಟನ್ನು ತಿನ್ನುತ್ತವೆ. ಆದಷ್ಟು ಬೇಗ ಸ್ಕ್ಯಾನ್ ಮಾಡಿಡಬೇಕು. ಅದಕ್ಕೆ ಹೊಸ ಯಂತ್ರವೇ ಬೇಕೆಂದಿಲ್ಲ. ಕಪಾಟಿನಲ್ಲಿ ಬಿದ್ದಿರುವ ಚಪ್ಪಟೆ ಸ್ಕ್ಯಾನರ್ ಮತ್ತು ಒಂದು ಹಳೆಯ ಕಂಪ್ಯೂಟರ್ ಸಾಕು. ಕಂಪನಿಯವರು ಹೊಸ ವಿಂಡೋಸ್‌ಗೆ ಡ್ರೈವರ್ ಕೊಡುವುದನ್ನು ನಿಲ್ಲಿಸಿದ್ದರೂ ‘ಸೇನ್’ ಎಂಬ ಮುಕ್ತ ತಂತ್ರಾಂಶ ಅಂಥ ಎಷ್ಟೋ ಸ್ಕ್ಯಾನರ್‌ಗಳನ್ನು ಇನ್ನೂ ನಡೆಸುತ್ತದೆ.

ಲಿನಕ್ಸ್‌ನಲ್ಲಿ ಸೇನ್ ಹಾಕಿದರೆ ಹೆಚ್ಚಾಗಿ ಅಲ್ಲಿಗೆ ಕೆಲಸ ಮುಗಿಯಿತು. ಓಪನ್‌ಬಿಎಸ್‌ಡಿಯಲ್ಲಿ ಹಾಗಲ್ಲ. ಹಳೆಯ ಯಂತ್ರದಲ್ಲೂ ಹಗುರವಾಗಿ ಓಡುವ, ಕೈಪಿಡಿ ಪುಟಗಳು ಒಳ್ಳೆಯದಾಗಿರುವ ಇನ್ನೊಂದು ಮುಕ್ತ ಕಾರ್ಯಾಚರಣ ವ್ಯವಸ್ಥೆ (ಆಪರೇಟಿಂಗ್ ಸಿಸ್ಟಂ) ಅದು. ನನಗೆ ಬಹಳ ಇಷ್ಟ. ಆದರೆ ಸೇನ್ ಬರೆದವರಲ್ಲಿ ಜಾಸ್ತಿ ಜನ ಲಿನಕ್ಸ್ ಬಳಸುವವರು. ಅವರು ಸಹಜವೆಂದು ಹಿಡಿದ ಕೆಲವು ಸಂಗತಿ ಇಲ್ಲಿ ಇಲ್ಲ. ಉದಾಹರಣೆಗೆ, ಸ್ಕ್ಯಾನರ್ ಚುಚ್ಚಿದ ಕೂಡಲೇ ಅನುಮತಿ ಸರಿಮಾಡುವ ‘ಯುಡೆವ್’ ಇಲ್ಲಿಲ್ಲ. ಸಿದ್ಧ ಪ್ಯಾಕೇಜ್ ಸಿಗುತ್ತದೆ, ಮೊದಲು ಅದನ್ನೇ ಹಾಕಿ ನೋಡಿ. ಹೊಸ ಸ್ಕ್ಯಾನರ್‌ಗೆ ಹೊಸ ಬ್ಯಾಕೆಂಡ್ (ಆ ಬಗೆಯ ಸ್ಕ್ಯಾನರ್ ನಡೆಸುವ ಸೇನ್‌ನ ಭಾಗ) ಬೇಕಾದಾಗ, ಅಥವಾ ಪ್ಯಾಕೇಜೇ ಇಲ್ಲದ ಬೇರೆ ವ್ಯವಸ್ಥೆಗೆ ಒಯ್ಯುವಾಗ, ಮೂಲ ಕೋಡ್‌ನಿಂದ ನಾವೇ ಕಟ್ಟಬೇಕಾಗುತ್ತದೆ. ತೊಂದರೆ ಶುರುವಾಗುವುದು ಆಗ.

ನಾನು ಹೇಳುವ ಮುಖ್ಯ ಮಾತು ಒಂದೇ. ಕೋಡ್ ತೆರೆಯುವ ಮೊದಲು ದೋಷ ಯಾವ ಪದರದಲ್ಲಿದೆ ಎಂದು ಗುರುತಿಸಿ. ತೋಟಕ್ಕೆ ನೀರು ಬರದಿದ್ದಾಗ ಕೆರೆಯ ಕಡೆಯಿಂದ ಪೈಪಿನುದ್ದಕ್ಕೂ ಒಂದೊಂದೇ ವಾಲ್ ನೋಡುತ್ತಾ ಬರುತ್ತೇವಲ್ಲ, ಹಾಗೆ. ಇಲ್ಲಿನ ಪದರಗಳು ಕೆಳಗಿನಿಂದ ಮೇಲಕ್ಕೆ ಹೀಗಿವೆ: ಸ್ಕ್ಯಾನರ್ ಮತ್ತು ವೈರು, ಕರ್ನಲ್ (ವ್ಯವಸ್ಥೆಯ ತಿರುಳು), ಸಾಧನದ ಕಡತ ಮತ್ತು ಅದರ ಅನುಮತಿ, ಲಿಬ್‌ಯುಎಸ್‌ಬಿ (ಯುಎಸ್‌ಬಿ ಸಾಧನದೊಡನೆ ಮಾತಾಡುವ ಲೈಬ್ರರಿ), ನಿಮ್ಮ ಸ್ಕ್ಯಾನರ್‌ನ ಬ್ಯಾಕೆಂಡ್, ಬ್ಯಾಕೆಂಡ್‌ಗಳನ್ನು ತೆರೆಯುವ ‘ಡಿಎಲ್ಎಲ್’ ಎಂಬ ಮಧ್ಯವರ್ತಿ, ಕೊನೆಗೆ ನಾವು ನೇರ ಬಳಸುವ ಸ್ಕ್ಯಾನ್‌ಇಮೇಜ್ ಅಥವಾ ಎಕ್ಸ್‌ಸೇನ್.

ಉದಾಹರಣೆಗೆ ಕ್ಯಾನನ್ ಲೈಡ್ 25 ಇಟ್ಟುಕೊಳ್ಳೋಣ. ತೆಳ್ಳಗಿನ ಸ್ಕ್ಯಾನರ್. ಯುಎಸ್‌ಬಿಯಿಂದಲೇ ಕರೆಂಟು ತೆಗೆದುಕೊಳ್ಳುತ್ತದೆ, ಬೇರೆ ಅಡಾಪ್ಟರ್ ಇಲ್ಲ. ಅದರ ಯುಎಸ್‌ಬಿ ಗುರುತು ತಯಾರಕ 04ಎ9, ಉತ್ಪನ್ನ 2220. ಅದನ್ನು ನಡೆಸುವ ಬ್ಯಾಕೆಂಡ್ ಹೆಸರು ಪ್ಲಸ್‌ಟೆಕ್. ಕ್ಯಾನನ್ ಸ್ಕ್ಯಾನರ್‌ಗೆ ಪ್ಲಸ್‌ಟೆಕ್ ಯಾಕೆ ಎಂದು ಗೊಂದಲ ಬೇಡ. ಸೇನ್‌ನಲ್ಲಿ ಬ್ಯಾಕೆಂಡ್ ಹೊಂದುವುದು ಹೆಚ್ಚಾಗಿ ಒಳಗಿನ ಚಿಪ್‌ಗೆ, ಹೊರಗಿನ ಬ್ರ್ಯಾಂಡ್‌ಗೆ ಅಲ್ಲ. ಅದೇ ಲೈಡ್ ಸಾಲಿನ 110ಕ್ಕೆ ಬೇಕಾಗುವುದು ಜೆನೆಸಿಸ್ ಬ್ಯಾಕೆಂಡ್.

ಮೊದಲು ಕೈಗೆ ಸಿಗುವುದನ್ನು ನೋಡಿ

ಲೈಡ್ 25ರ ತಳದಲ್ಲಿ ಒಂದು ಬೀಗದ ಗುಂಡಿ ಇದೆ. ಸಾಗಿಸುವಾಗ ಒಳಗೆ ಸರಿದಾಡಿ ಪುಟ ಓದುವ ತಲೆ ಅಲ್ಲಾಡಬಾರದು ಎಂದು ಇಟ್ಟದ್ದು. ಅದು ಹಾಕಿದ್ದರೆ ತಂತ್ರಾಂಶದಲ್ಲಿ ಎಲ್ಲ ಸರಿ ಇದ್ದರೂ ಸ್ಕ್ಯಾನ್ ಆಗುವುದಿಲ್ಲ.

ಇನ್ನೊಂದು ಕರೆಂಟಿನ ವಿಷಯ. ಹೊರಗಿನ ವಿದ್ಯುತ್ ಇಲ್ಲದ ಯುಎಸ್‌ಬಿ ಹಬ್ ತನ್ನ ಒಂದೊಂದು ಕಿಂಡಿಗೆ ಕೊಡಬೇಕಾದ್ದು 100 ಮಿಲಿಆಂಪ್ ಮಾತ್ರ. ಕಂಪ್ಯೂಟರಿನ ಸ್ವಂತ ಯುಎಸ್‌ಬಿ 2 ಕಿಂಡಿ 500 ಮಿಲಿಆಂಪ್ ಕೊಡುತ್ತದೆ. ಹಬ್‌ಗೆ ಚುಚ್ಚಿದ ಸ್ಕ್ಯಾನರ್ ಸುಮ್ನೆ ಇರುವಾಗ ಸರಿಯಾಗಿಯೇ ಕಾಣುತ್ತದೆ. ಮೋಟಾರ್ ತಿರುಗಲು ಹೋದಾಗ ಕರೆಂಟು ಸಾಲದೆ ಬಿದ್ದುಹೋಗುತ್ತದೆ. ಇದನ್ನು ಬ್ಯಾಕೆಂಡ್ ದೋಷ ಎಂದು ತಿಳಿದು ಕೋಡ್ ಕೆದಕಲು ಹೋಗುವವರು ಬಹಳ. ಪತ್ತೆ ಮಾಡುವುದು ಸುಲಭ. ಸ್ಕ್ಯಾನ್ ವಿಫಲವಾದ ತಕ್ಷಣ ಕರ್ನಲ್‌ನ ಸಂದೇಶ ತೋರಿಸುವ ‘ಡಿಮೆಸೇಜ್’ (dmesg) ಆದೇಶ ಕೊಟ್ಟು ಕೊನೆಯ ಸಾಲು ಓದಿ. ಯುಜೆನ್0 (ಕರ್ನಲ್ ಸ್ಕ್ಯಾನರ್‌ಗೆ ಕೊಡುವ ಹೆಸರು) ಕಳಚಿತು, ಮತ್ತೆ ಸೇರಿತು ಎಂದು ಅಲ್ಲಿದ್ದರೆ ತೊಂದರೆ ಕರೆಂಟಿನದು ಅಥವಾ ವೈರಿನದು. ಹಬ್ ತೆಗೆದು ನೇರ ಚುಚ್ಚಿ. ವೈರು 5 ಮೀಟರ್‌ಗಿಂತ ಉದ್ದ ಇರಬಾರದು, ಚಿಕ್ಕದಿದ್ದಷ್ಟೂ ಒಳ್ಳೆಯದು. ಕಾರವಾರ, ಅಂಕೋಲಾ, ಕುಮಟಾದಲ್ಲಿ ಸಮುದ್ರಕ್ಕೆ ಹತ್ತಿರ ಇರುವವರು ಕಿಂಡಿಯೊಳಗಿನ ಲೋಹದ ಪಟ್ಟಿಗಳನ್ನು ಟಾರ್ಚ್ ಹಾಕಿ ನೋಡಿ. ಉಪ್ಪುಗಾಳಿಗೆ ಅವು ಮಸುಕಾಗುತ್ತವೆ. ಬೇರೆ ಕಿಂಡಿ, ಬೇರೆ ವೈರು ಹಾಕಿ ನೋಡುವುದಕ್ಕೆ ಖರ್ಚು ಏನೂ ಇಲ್ಲ.

ಕರ್ನಲ್ ಯಾರ ಕೈಗೆ ಕೊಟ್ಟಿದೆ?

ಸ್ಕ್ಯಾನರ್ ಚುಚ್ಚಿದಾಗ ಡಿಮೆಸೇಜ್‌ನಲ್ಲಿ ‘ಯುಜೆನ್0’ ಎಂದು ಬರಬೇಕು. ಯುಜೆನ್ ಅಂದರೆ ಬೇರೆ ಯಾವ ಡ್ರೈವರೂ ವಹಿಸಿಕೊಳ್ಳದ ಯುಎಸ್‌ಬಿ ಸಾಧನವನ್ನು ಹಿಡಿದುಕೊಳ್ಳುವ ಸಾಮಾನ್ಯ ಡ್ರೈವರ್. ಓಪನ್‌ಬಿಎಸ್‌ಡಿಯಲ್ಲಿ ಲಿಬ್‌ಯುಎಸ್‌ಬಿ ಮಾತಾಡುವುದು ಇದರ ಮೂಲಕ. ಇಲ್ಲಿ ಲಿನಕ್ಸ್‌ಗೂ ಇದಕ್ಕೂ ದೊಡ್ಡ ವ್ಯತ್ಯಾಸ ಇದೆ. ಲಿನಕ್ಸ್‌ನಲ್ಲಿ ಬೇರೆ ಡ್ರೈವರ್ ಹಿಡಿದಿದ್ದರೂ ಲಿಬ್‌ಯುಎಸ್‌ಬಿ ಅದನ್ನು ಬಿಡಿಸಬಲ್ಲದು. ಇಲ್ಲಿ ಬಿಡಿಸಲಾರದು.

ಮುದ್ರಣ, ಸ್ಕ್ಯಾನ್ ಎರಡೂ ಇರುವ ಯಂತ್ರದಲ್ಲಿ ಇದು ಅಡ್ಡ ಬರುತ್ತದೆ. ಪ್ರಿಂಟರ್ ಡ್ರೈವರ್ ‘ಯುಎಲ್‌ಪಿಟಿ’ ತನ್ನ ಭಾಗ ಹಿಡಿದುಕೊಳ್ಳುತ್ತದೆ. ಉಳಿದ ಭಾಗ ಯುಜೆನ್‌ಗೆ ಬಂತೇ ಎಂದು ಡಿಮೆಸೇಜ್‌ನಲ್ಲಿ ನೋಡಿ. ಬರದಿದ್ದರೆ ಯಂತ್ರ ಶುರುವಾಗುವಾಗ ‘ಬೂಟ್ -ಸಿ’ ಕೊಟ್ಟು, ಬರುವ ಸೂಚಕದಲ್ಲಿ ‘ಡಿಸೇಬಲ್ ಯುಎಲ್‌ಪಿಟಿ’ ಎಂದು ಹೇಳಿ ಮುಂದುವರಿಸಿ. ಇದು ಆ ಒಂದು ಸಲಕ್ಕೆ ಮಾತ್ರ. ಪರೀಕ್ಷೆಗೆ ಅಷ್ಟು ಸಾಕು.

ಎರಡು ಆದೇಶ, ಎರಡು ಉತ್ತರ

ಇಲ್ಲಿಂದ ಮುಂದೆ ಈ ಇಡೀ ಕೆಲಸದ ಹೃದಯ ಇದೆ. ಸೇನ್ ಜೊತೆ ಎರಡು ಪರೀಕ್ಷಾ ಆದೇಶ ಬರುತ್ತವೆ. ಒಂದು ‘ಸೇನ್-ಫೈಂಡ್-ಸ್ಕ್ಯಾನರ್’. ಅದು ಯಾವ ಬ್ಯಾಕೆಂಡನ್ನೂ ಕೇಳುವುದಿಲ್ಲ. ನೇರ ಯುಎಸ್‌ಬಿ ನೋಡಿ, ಸ್ಕ್ಯಾನರ್ ಥರ ಕಾಣುವುದನ್ನೆಲ್ಲ ಹೇಳುತ್ತದೆ. ಗೊತ್ತಾದರೆ ಒಳಗಿನ ಚಿಪ್ ಯಾವುದು ಎಂಬುದನ್ನೂ ಹೇಳುತ್ತದೆ. ಇನ್ನೊಂದು ‘ಸ್ಕ್ಯಾನ್‌ಇಮೇಜ್ -ಎಲ್’, ಇಲ್ಲಿ ಎಲ್ ದೊಡ್ಡಕ್ಷರ. ಅದು ಬ್ಯಾಕೆಂಡ್‌ಗಳನ್ನು ಒಂದೊಂದಾಗಿ ತೆರೆದು ‘ನಿನ್ನದು ಯಾವುದಾದರೂ ಇದೆಯಾ?’ ಎಂದು ಕೇಳುತ್ತದೆ.

ಎರಡನ್ನೂ ಮೊದಲು ರೂಟ್ (ಎಲ್ಲ ಅಧಿಕಾರ ಇರುವ ನಿರ್ವಾಹಕ) ಆಗಿ ನಡೆಸಿ, ಆಮೇಲೆ ಸಾಮಾನ್ಯ ಬಳಕೆದಾರರಾಗಿ ನಡೆಸಿ. ರೂಟ್‌ಗೂ ಎರಡರಲ್ಲೂ ಕಾಣದಿದ್ದರೆ ದೋಷ ಕೆಳಗಿದೆ: ವೈರು, ಕರ್ನಲ್ ಅಥವಾ ಲಿಬ್‌ಯುಎಸ್‌ಬಿ. ರೂಟ್‌ಗೆ ಕಂಡು ನಿಮಗೆ ಕಾಣದಿದ್ದರೆ ಅನುಮತಿ. ಮೊದಲನೆಯದಕ್ಕೆ ಕಂಡು ಎರಡನೆಯದಕ್ಕೆ ಕಾಣದಿದ್ದರೆ ಬ್ಯಾಕೆಂಡ್ ತೆರೆಯುತ್ತಿಲ್ಲ, ಅಥವಾ ತೆರೆದರೂ ಗುರುತು ಹಿಡಿಯುತ್ತಿಲ್ಲ. ಎರಡಕ್ಕೂ ಕಂಡು ಸ್ಕ್ಯಾನ್ ಮಾತ್ರ ಆಗದಿದ್ದರೆ ಇನ್ನೂ ಮೇಲೆ ಹುಡುಕಬೇಕು. ಸಹಾಯ ಕೇಳುವವರು ಹೆಚ್ಚಾಗಿ ಹೇಳುವುದು ‘ಮಾರಾಯಾ, ಸ್ಕ್ಯಾನರ್ ಕಾಣ್ತಾ ಉಂಟು, ಆದ್ರೆ ಆಗ್ತಿಲ್ಲ’ ಎಂದು. ಯಾವ ಆದೇಶಕ್ಕೆ ಕಾಣುತ್ತದೆ, ಯಾರಾಗಿ ನಡೆಸಿದಾಗ ಕಾಣುತ್ತದೆ ಎಂಬ ಎರಡು ಮಾತು ಸೇರಿಸಿದರೆ ಅರ್ಧ ಉತ್ತರ ಅಲ್ಲೇ ಇರುತ್ತದೆ.

ಅನುಮತಿಯ ವಿಷಯ ಬೇಗ ಮುಗಿಸೋಣ. ಓಪನ್‌ಬಿಎಸ್‌ಡಿಯಲ್ಲಿ ಎರಡು ಬಗೆಯ ಕಡತಕ್ಕೆ ಅನುಮತಿ ಬೇಕು: ಸ್ಕ್ಯಾನರ್ ಇರುವ ಯುಎಸ್‌ಬಿ ಬಸ್‌ನದು (ಡೆವ್ ಕೋಶದ ಯುಎಸ್‌ಬಿ0 ಇತ್ಯಾದಿ) ಮತ್ತು ಯುಜೆನ್‌ನದು (ಯುಜೆನ್0.00ರಿಂದ ಯುಜೆನ್0.15ರವರೆಗೆ). ಒಂದಕ್ಕೆ ಕೊಟ್ಟು ಇನ್ನೊಂದು ಬಿಟ್ಟರೆ ಕೆಲಸ ಆಗುವುದಿಲ್ಲ. ಬೇರೆ ಕಿಂಡಿಗೆ ಚುಚ್ಚಿದರೆ ಬಸ್‌ನ ಸಂಖ್ಯೆ ಬದಲಾಗಬಹುದು, ನೆನಪಿರಲಿ. ಇದೇ ಬಳಗದ ಇನ್ನೊಂದು ವ್ಯವಸ್ಥೆ ಫ್ರೀಬಿಎಸ್‌ಡಿಯಲ್ಲಾದರೆ ಡೆವ್‌ಎಫ್‌ಎಸ್ ನಿಯಮದಲ್ಲಿ ಅಥವಾ ಡೆವ್‌ಡಿಯ ಕಡತದಲ್ಲಿ ಬರೆದಿಡಬಹುದು, ಪ್ರತಿ ಸಲ ಕೈಯಿಂದ ಮಾಡಬೇಕಿಲ್ಲ. ‘ಯುಎಸ್‌ಬಿಕಾನ್ಫಿಗ್ ಲಿಸ್ಟ್’ ಎಂದರೆ ಅಲ್ಲಿ ಸಾಧನಗಳ ಪಟ್ಟಿ ಬರುತ್ತದೆ. ಏನೇ ಆಗಲಿ, ಅನುಮತಿಯ ತೊಂದರೆ ತಪ್ಪಿಸಲು ಸದಾ ರೂಟ್ ಆಗಿಯೇ ಸ್ಕ್ಯಾನ್ ಮಾಡುವ ಅಭ್ಯಾಸ ಬೇಡ. ರೂಟ್ ಆಗಿ ನಡೆಸುವುದು ಪರೀಕ್ಷೆಗಷ್ಟೇ.

ಬ್ಯಾಕೆಂಡ್ ತೆರೆಯುತ್ತಿಲ್ಲವೇ?

ಮೂಲದಿಂದ ಕಟ್ಟಿದವರಿಗೆ ಜಾಸ್ತಿ ಎದುರಾಗುವ ಪದರ ಇದು. ಸೇನ್‌ನ ಪ್ರತಿ ಬ್ಯಾಕೆಂಡ್ ಒಂದು ಬೇರೆ ಹಂಚಿಕೆ ಲೈಬ್ರರಿ (ಶೇರ್ಡ್ ಲೈಬ್ರರಿ). ಡಿಎಲ್ಎಲ್ ಬ್ಯಾಕೆಂಡ್ ತನ್ನ ಸಂರಚನಾ ಕಡತದಲ್ಲಿರುವ ಹೆಸರು ಓದಿ, ಆ ಹೆಸರಿನಿಂದ ಲೈಬ್ರರಿಯ ಕಡತದ ಹೆಸರು ಕಟ್ಟಿ, ಹುಡುಕಿ ತೆರೆಯುತ್ತದೆ. ಲಿನಕ್ಸ್‌ನಲ್ಲಿ ಅದು ‘ಲಿಬ್‌ಸೇನ್-ಪ್ಲಸ್‌ಟೆಕ್.ಎಸ್ಒ.1’. ಓಪನ್‌ಬಿಎಸ್‌ಡಿಯಲ್ಲಿ ಲೈಬ್ರರಿಗಳ ಹೆಸರಿನ ಕೊನೆಯಲ್ಲಿ ಎರಡು ಸಂಖ್ಯೆ ಇರುತ್ತದೆ, ಎಸ್ಒ.1.0 ಎಂಬ ರೀತಿ. ಲಿನಕ್ಸ್‌ನಂತೆ ಚಿಕ್ಕ ಹೆಸರಿನ ಕೊಂಡಿ ಕಡತಗಳು (ಸಿಂಬಾಲಿಕ್ ಲಿಂಕ್) ಇರುವುದಿಲ್ಲ. ಡಿಎಲ್ಎಲ್ ಮೊದಲ ಹೆಸರನ್ನು ಹುಡುಕುತ್ತದೆ, ಕೋಶದಲ್ಲಿ ಇರುವುದು ಎರಡನೆಯದು. ಸಿಗುವುದಿಲ್ಲ. ತೆರೆಯ ಮೇಲೆ ಯಾವ ದೂರೂ ಬರುವುದಿಲ್ಲ. ‘ಯಾವ ಸ್ಕ್ಯಾನರೂ ಇಲ್ಲ’ ಎಂಬ ಅರ್ಥದ ಸಂದೇಶ ಮಾತ್ರ ಬರುತ್ತದೆ.

ಇದನ್ನು ಕಾಣುವಂತೆ ಮಾಡಲು ಪರಿಸರ ಚರ (ಎನ್ವಿರಾನ್‌ಮೆಂಟ್ ವೇರಿಯಬಲ್) ಬಳಸಬೇಕು. ‘ಸೇನ್_ಡೀಬಗ್_ಡಿಎಲ್ಎಲ್’ ಎಂಬ ಚರಕ್ಕೆ 255 ಬೆಲೆ ಕೊಟ್ಟು ಸ್ಕ್ಯಾನ್‌ಇಮೇಜ್ -ಎಲ್ ನಡೆಸಿ. ಚರದ ಹೆಸರನ್ನು ಪೂರ್ತಿ ದೊಡ್ಡಕ್ಷರದಲ್ಲೇ ಕೊಡಬೇಕು. ಈಗ ಯಾವ ಸಂರಚನಾ ಕಡತ ಓದಿತು, ಯಾವ ಕೋಶದಲ್ಲಿ ಯಾವ ಹೆಸರು ಹುಡುಕಿತು, ಸಿಕ್ಕಿತೋ ಇಲ್ಲವೋ ಎಲ್ಲವೂ ಬರುತ್ತದೆ. ಹುಡುಕಿದ ಹೆಸರನ್ನು ಕೋಶದಲ್ಲಿ ನಿಜವಾಗಿ ಇರುವ ಹೆಸರಿನ ಪಕ್ಕ ಇಟ್ಟು ನೋಡಿ. ತಾತ್ಕಾಲಿಕಕ್ಕೆ ಒಂದು ಕೊಂಡಿ ಕಡತ ಮಾಡಿದರೆ ಸಾಕು. ಸರಿಯಾದ ಪರಿಹಾರ ಡಿಎಲ್ಎಲ್‌ನ ಮೂಲ ಕಡತದಲ್ಲಿದೆ. ವ್ಯವಸ್ಥೆಗೆ ತಕ್ಕಂತೆ ಹೆಸರಿನ ಬಾಲ ಆರಿಸುವ ಸಾಲುಗಳು ಅಲ್ಲಿ ಮೊದಲೇ ಇವೆ. ಎಚ್‌ಪಿ-ಯುಎಕ್ಸ್, ಮ್ಯಾಕ್, ಸಿಗ್‌ವಿನ್ ಒಂದೊಂದಕ್ಕೂ ಬೇರೆ ಬೇರೆ ಬಾಲ. ನಿಮ್ಮ ವ್ಯವಸ್ಥೆಗೆ ಒಂದು ಸೇರಿಸಬೇಕು, ಅಷ್ಟೇ.

ಸಂರಚನಾ ಕೋಶವೂ ವ್ಯವಸ್ಥೆಯಿಂದ ವ್ಯವಸ್ಥೆಗೆ ಬೇರೆ. ಲಿನಕ್ಸ್‌ನಲ್ಲಿ ಇಟಿಸಿಯ ಒಳಗಿನ ಸೇನ್.ಡಿ. ಫ್ರೀಬಿಎಸ್‌ಡಿಯಲ್ಲಿ ಯುಎಸ್ಆರ್-ಲೋಕಲ್‌ನ ಇಟಿಸಿಯಲ್ಲಿ. ನೆಟ್‌ಬಿಎಸ್‌ಡಿಯ ಪ್ಯಾಕೇಜ್‌ಸೋರ್ಸ್‌ನಲ್ಲಿ ಯುಎಸ್ಆರ್-ಪಿಕೆಜಿಯ ಇಟಿಸಿಯಲ್ಲಿ. ಮೂಲದಿಂದ ಕಟ್ಟಿದ ಪ್ರತಿ ಒಂದು ಕಡೆ ನೋಡುತ್ತಿದ್ದು ನೀವು ಇನ್ನೊಂದು ಕಡೆ ತಿದ್ದುತ್ತಿದ್ದರೆ ಏನೂ ಬದಲಾಗುವುದಿಲ್ಲ, ಅಲ್ವಾ? ಪ್ಯಾಕೇಜ್ ಮತ್ತು ಸ್ವಂತ ಕಟ್ಟಿದ್ದು ಎರಡೂ ಒಂದೇ ಯಂತ್ರದಲ್ಲಿದ್ದಾಗ ಇದು ಸಾಮಾನ್ಯ. ‘ಸೇನ್_ಕಾನ್ಫಿಗ್_ಡಿಐಆರ್’ ಚರದಿಂದ ಕೋಶ ಯಾವುದೆಂದು ನೀವೇ ಹೇಳಿಬಿಡಬಹುದು.

ಕಟ್ಟುವಾಗಲೇ ಕೆಲವು ವಿಷಯ ಗಮನಿಸಿದರೆ ಮುಂದೆ ಸುಲಭ. ಕಟ್ಟುವ ಮೊದಲು ನಡೆಸುವ ‘ಕಾನ್ಫಿಗರ್’ ಸ್ಕ್ರಿಪ್ಟ್ ಮುಗಿದಾಗ ಕೊನೆಯಲ್ಲಿ ಒಂದು ಸಾರಾಂಶ ಬರುತ್ತದೆ. ಅದರಲ್ಲಿ ಯುಎಸ್‌ಬಿ ಬೆಂಬಲ ‘ಇದೆ’ ಎಂದಿರಬೇಕು. ಲಿಬ್‌ಯುಎಸ್‌ಬಿ ಸಿಗದಿದ್ದರೂ ಸೇನ್ ಕಟ್ಟಿಕೊಳ್ಳುತ್ತದೆ, ಆದರೆ ಆಮೇಲೆ ಯುಎಸ್‌ಬಿ ಸ್ಕ್ಯಾನರ್ ನಡೆಸಲಾರದು. ‘ಬ್ಯಾಕೆಂಡ್ಸ್’ ಎಂಬ ಚರದಲ್ಲಿ ಪ್ಲಸ್‌ಟೆಕ್ ಮತ್ತು ಟೆಸ್ಟ್ ಎರಡೇ ಹೆಸರು ಕೊಟ್ಟು ಕಾನ್ಫಿಗರ್ ನಡೆಸಿ. ಹಳೆಯ ಯಂತ್ರದಲ್ಲಿ ಎಲ್ಲ ಬ್ಯಾಕೆಂಡ್ ಕಟ್ಟುವುದು ಬಹಳ ಹೊತ್ತು ಹಿಡಿಯುತ್ತದೆ. ಜೆನೆಸಿಸ್ ಈಗ ಸಿ++ನಲ್ಲಿದೆ, ಅದೊಂದೇ ಸಾಕಷ್ಟು ಸಮಯ ತಿನ್ನುತ್ತದೆ. ಎರಡೇ ಕಟ್ಟಿದರೆ ಒಂದು ಸಾಲು ತಿದ್ದಿ ಮತ್ತೆ ಪರೀಕ್ಷಿಸುವುದು ಕ್ಷಣದ ಕೆಲಸ. ಕಟ್ಟಲು ಜಿಮೇಕ್ (ಗ್ನೂ ಮೇಕ್) ಬಳಸಿ.

ಟೆಸ್ಟ್ ಬ್ಯಾಕೆಂಡ್ ಯಾಕೆ ಅಂದರೆ, ಅದು ಸ್ಕ್ಯಾನರ್ ಇಲ್ಲದೆಯೇ ಸ್ಕ್ಯಾನರ್‌ನಂತೆ ನಡೆಯುತ್ತದೆ. ಬರೀ ಕೃತಕ ಚಿತ್ರ ಕೊಡುತ್ತದೆ. ‘ಸ್ಕ್ಯಾನ್‌ಇಮೇಜ್ -ಡಿ ಟೆಸ್ಟ್ -ಟಿ’ ಎಂದು ನಡೆಸಿದರೆ (ಕೊನೆಯ ಟಿ ದೊಡ್ಡಕ್ಷರ) ಡಿಎಲ್ಎಲ್ ತೆರೆಯುವುದು, ಬೇರೆ ಪ್ರಕ್ರಿಯೆ ಶುರು ಮಾಡುವುದು, ಅದರಿಂದ ಮಾಹಿತಿ ಓದುವುದು ಎಲ್ಲವೂ ಯುಎಸ್‌ಬಿ ಇಲ್ಲದೆ ಪರೀಕ್ಷೆಯಾಗುತ್ತದೆ. ಹೊಸ ವ್ಯವಸ್ಥೆಗೆ ಸೇನ್ ಒಯ್ಯುವವರು ನಿಜವಾದ ಸ್ಕ್ಯಾನರ್ ಮುಟ್ಟುವ ಮೊದಲು ಇದನ್ನು ದಾಟಲೇಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಇದೇ ಸೋತರೆ ಸ್ಕ್ಯಾನರ್ ಮೇಲೆ ಅನುಮಾನ ಪಡಬೇಕಾದ್ದಿಲ್ಲ.

ತಲೆ ಅಲ್ಲಾಡಿ ನಿಂತುಬಿಡುತ್ತದೆ

ಎರಡೂ ಆದೇಶಕ್ಕೆ ಸ್ಕ್ಯಾನರ್ ಕಾಣುತ್ತದೆ. ಟೆಸ್ಟ್ ಪಾಸಾಗಿದೆ. ಪ್ಲಸ್‌ಟೆಕ್‌ನಲ್ಲಿ ಸ್ಕ್ಯಾನ್ ಶುರು ಮಾಡಿದರೆ ದೀಪ ಹೊತ್ತುತ್ತದೆ, ತಲೆ ಸ್ವಲ್ಪ ಸರಿಯುತ್ತದೆ, ಅಲ್ಲಿಗೆ ನಿಂತುಬಿಡುತ್ತದೆ. ಅರ್ಧ ನಿಮಿಷದ ಮೇಲೆ ದೋಷ ಸಂದೇಶ. ಆ ಅರ್ಧ ನಿಮಿಷಕ್ಕೂ ಕಾರಣ ಇದೆ. ಸೇನ್‌ನ ಯುಎಸ್‌ಬಿ ಭಾಗ ಉತ್ತರಕ್ಕಾಗಿ ಕಾಯುವ ಅವಧಿ 30 ಸೆಕೆಂಡ್.

ಇಲ್ಲಿ ನೋಡಬೇಕಾದ್ದು ಓದುವ ಕೆಲಸ ಯಾರು ಮಾಡುತ್ತಿದ್ದಾರೆ ಎಂಬುದನ್ನು. ಪ್ಲಸ್‌ಟೆಕ್‌ನಂಥ ಬ್ಯಾಕೆಂಡ್‌ಗಳು ಸ್ಕ್ಯಾನ್ ಮಾಹಿತಿ ಓದಲು ಒಬ್ಬ ಸಹಾಯಕನನ್ನು ಶುರು ಮಾಡುತ್ತವೆ. ಸೇನ್ ಹೇಗೆ ಕಟ್ಟಲಾಗಿದೆ ಎಂಬುದರ ಮೇಲೆ ಆ ಸಹಾಯಕ ‘ಫೋರ್ಕ್’ ಆದ ಬೇರೆ ಪ್ರಕ್ರಿಯೆ ಆಗಿರಬಹುದು ಅಥವಾ ಅದೇ ಪ್ರಕ್ರಿಯೆಯ ಒಳಗಿನ ಥ್ರೆಡ್ ಆಗಿರಬಹುದು. ಫೋರ್ಕ್ ಆಗಿದ್ದರೆ ತಾಯಿ ಪ್ರಕ್ರಿಯೆ ತೆರೆದ ಯುಎಸ್‌ಬಿ ಹಿಡಿಕೆಯನ್ನು ಮಗು ಪ್ರಕ್ರಿಯೆ ಬಳಸುತ್ತದೆ. ಲಿಬ್‌ಯುಎಸ್‌ಬಿಯ ಕೈಪಿಡಿಯೇ ಸ್ಪಷ್ಟವಾಗಿ ಹೇಳುತ್ತದೆ: ಫೋರ್ಕ್ ದಾಟಿ ಬಳಸುವುದಕ್ಕೆಂದು ಈ ಲೈಬ್ರರಿ ರೂಪಿಸಿದ್ದಲ್ಲ. ಕೆಲವು ವ್ಯವಸ್ಥೆಯಲ್ಲಿ ಅದೃಷ್ಟಕ್ಕೆ ನಡೆದುಹೋಗುತ್ತದೆ, ಕೆಲವದರಲ್ಲಿ ನಡೆಯುವುದಿಲ್ಲ. ಟೆಸ್ಟ್ ಬ್ಯಾಕೆಂಡ್ ಯುಎಸ್‌ಬಿ ಮುಟ್ಟುವುದಿಲ್ಲವಾದ್ದರಿಂದ ಅದು ಎರಡು ರೀತಿಯಲ್ಲೂ ಪಾಸಾಗುತ್ತದೆ.

ನಿಮ್ಮದು ಯಾವುದು ಎಂದು ತಿಳಿಯಲು ಕೋಡ್ ಓದಬೇಕಿಲ್ಲ. ಸ್ಕ್ಯಾನ್ ನಿಂತಿರುವಾಗ ಇನ್ನೊಂದು ಟರ್ಮಿನಲ್‌ನಲ್ಲಿ ‘ಪಿಎಸ್’ ಆದೇಶ ಕೊಡಿ. ಸ್ಕ್ಯಾನ್‌ಇಮೇಜ್ ಎರಡು ಸಲ ಕಂಡರೆ ಫೋರ್ಕ್. ಒಂದೇ ಇದ್ದರೆ ಥ್ರೆಡ್. ಫೋರ್ಕ್ ಆಗಿದ್ದರೆ ‘--ಎನೇಬಲ್-ಪಿಥ್ರೆಡ್’ ಆಯ್ಕೆ ಕೊಟ್ಟು ಮತ್ತೆ ಕಾನ್ಫಿಗರ್ ಮಾಡಿ, ಮೊದಲಿನದನ್ನು ಪೂರ್ತಿ ಅಳಿಸಿ ಕಟ್ಟಿ. ಹೊಸ ವ್ಯವಸ್ಥೆಗೆ ಒಯ್ಯುವಾಗ ನಾನು ಈ ಆಯ್ಕೆಯನ್ನು ಮೊದಲ ದಿನದಿಂದಲೇ ಹಾಕಿಕೊಳ್ಳಿ ಎನ್ನುತ್ತೇನೆ.

ಥ್ರೆಡ್ ಇದ್ದೂ ನಿಂತರೆ ‘ಸೇನ್_ಡೀಬಗ್_ಸೇನೈ_ಯುಎಸ್‌ಬಿ’ ಮತ್ತು ‘ಸೇನ್_ಡೀಬಗ್_ಪ್ಲಸ್‌ಟೆಕ್’ ಎರಡನ್ನೂ 255ಕ್ಕೆ ಇಟ್ಟು ಬರುವ ದಾಖಲೆಯನ್ನು (ಲಾಗ್) ಕಡತಕ್ಕೆ ಇಳಿಸಿ. ಓಪನ್‌ಬಿಎಸ್‌ಡಿಯ ಲಿಬ್‌ಯುಎಸ್‌ಬಿ ಒಳಗೆ ಪ್ರತಿ ವರ್ಗಾವಣೆ ಮುಗಿಯುವವರೆಗೆ ಕಾದೇ ಮುಂದೆ ಹೋಗುತ್ತದೆ. ಹಲವು ವರ್ಗಾವಣೆಗಳನ್ನು ಒಟ್ಟಿಗೆ ಹರಿಯಬಿಟ್ಟು ಆಮೇಲೆ ಉತ್ತರ ಕೇಳುವ ರೀತಿಯಲ್ಲಿ ಬರೆದ ಕೋಡ್ ಅಲ್ಲಿ ನಿಧಾನವಾಗುತ್ತದೆ ಅಥವಾ ಸಿಕ್ಕಿಹಾಕಿಕೊಳ್ಳುತ್ತದೆ. ಹೊಸ ಬ್ಯಾಕೆಂಡ್ ಒಯ್ಯುವಾಗ ಇದು ಗಮನದಲ್ಲಿರಲಿ.

ಮೊದಲ ಸ್ಕ್ಯಾನ್ ಚೆನ್ನಾಗಿ ಬಂದು ಎರಡನೆಯದು ವಿಫಲವಾಗುವುದು, ಕಿತ್ತು ಮತ್ತೆ ಚುಚ್ಚಿದರೆ ಸರಿಯಾಗುವುದು ಇನ್ನೊಂದು ಪರಿಚಿತ ಲಕ್ಷಣ. ಸ್ಕ್ಯಾನರ್ ಮತ್ತು ಕಂಪ್ಯೂಟರ್ ತಮ್ಮ ಪ್ಯಾಕೆಟ್‌ಗಳ ಸರದಿಯ ಲೆಕ್ಕದಲ್ಲಿ ಹೊಂದದೆ ಹೋದಾಗ ಹೀಗಾಗುತ್ತದೆ. ‘ಸೇನ್_ಯುಎಸ್‌ಬಿ_ವರ್ಕ್ಅರೌಂಡ್’ ಚರಕ್ಕೆ 1 ಕೊಟ್ಟು ನೋಡಿ. ಯುಎಸ್‌ಬಿ 3 ಕಿಂಡಿಗಳ ಇಂಥ ತಕರಾರಿಗೆಂದೇ ಇಟ್ಟ ಚರ ಅದು. ಯಂತ್ರದಲ್ಲಿ ಹಳೆಯ ಯುಎಸ್‌ಬಿ 2 ಕಿಂಡಿ ಇದ್ದರೆ ಅದೂ ಒಳ್ಳೆಯ ದಾರಿ.

ಚಿತ್ರ ಬಂತು, ಆದರೆ ಸರಿಯಿಲ್ಲ

16 ಬಿಟ್‌ನಲ್ಲಿ ಸ್ಕ್ಯಾನ್ ಮಾಡಿದಾಗ ಚಿತ್ರ ಕೊಳೆತಂತೆ ಕಂಡು, 8 ಬಿಟ್‌ನಲ್ಲಿ ಸರಿ ಬಂದರೆ ಬೈಟ್‌ಗಳ ಕ್ರಮ ತಿರುಗಿದೆ ಎಂದರ್ಥ. ಹಳೆಯ ಪವರ್‌ಪಿಸಿ ಮ್ಯಾಕ್‌ಗೆ ಬಿಎಸ್‌ಡಿ ಹಾಕಿದವರಿಗೆ ಇದು ಎದುರಾಗಬಹುದು. ಸೇನ್‌ನಲ್ಲಿ 16 ಬಿಟ್ ಬೆಲೆಗಳು ಆಯಾ ಯಂತ್ರದ ಸ್ವಂತ ಕ್ರಮದಲ್ಲಿ ಬರಬೇಕು. ಬ್ಯಾಕೆಂಡ್ ಬರೆದವರು ಇಂಟೆಲ್ ಯಂತ್ರವನ್ನೇ ಮನಸ್ಸಿನಲ್ಲಿಟ್ಟುಕೊಂಡಿದ್ದರೆ ಅಲ್ಲಿ ತಪ್ಪುತ್ತದೆ. ಪುಸ್ತಕದ ಪುಟಕ್ಕೆ 16 ಬಿಟ್ ಬೇಕಾಗಿಲ್ಲ. 8 ಬಿಟ್ ಬೂದು, 300 ಡಿಪಿಐ ಇಡಿ. ಕನ್ನಡದ ಒತ್ತಕ್ಷರ ಚಿಕ್ಕದಾಗಿರುತ್ತದೆ, ಹಳೆಯ ಪ್ರಸಂಗ ಪುಸ್ತಕದ ಅಚ್ಚು ಇನ್ನೂ ಚಿಕ್ಕದು. ಅಂಥದ್ದಕ್ಕೆ 400ಕ್ಕೆ ಏರಿಸಿದರೆ ಒಳ್ಳೆಯದು.

ಉದ್ದ ಗೆರೆಗಳು ಕಂಡರೆ ಮೊದಲು ಗಾಜು ಒರೆಸಿ. ಶಿರಸಿಯ ಆಷಾಢದಲ್ಲಿ ಗಾಜಿನ ಒಳಮೈಯಲ್ಲೂ ಮಂಜು ಕಟ್ಟುತ್ತದೆ. ಸ್ಕ್ಯಾನರ್ ಅನ್ನು ಒಣ ಜಾಗದಲ್ಲಿಟ್ಟು ತೇವ ಹೋದ ಮೇಲೆ ಮತ್ತೆ ನೋಡಿ.

ಒಂದು ಕೋಣೆಯ ಸ್ಕ್ಯಾನರನ್ನು ಬೇರೆ ಕಂಪ್ಯೂಟರಿನಿಂದ ಬಳಸಲು ‘ಸೇನ್ಡಿ’ ಹಾಕಿದವರಿಗೆ ಒಂದು ಮಾತು. ಅದು 6566 ಪೋರ್ಟ್‌ನಲ್ಲಿ ಕೇಳುತ್ತದೆ, ಆದರೆ ಚಿತ್ರದ ಮಾಹಿತಿ ಹೋಗುವುದು ಬೇರೊಂದು ಪೋರ್ಟ್‌ನಲ್ಲಿ. ಸ್ಕ್ಯಾನರ್ ಪಟ್ಟಿಯಲ್ಲಿ ಕಂಡು ಸ್ಕ್ಯಾನ್ ಮಾತ್ರ ನಿಲ್ಲುತ್ತಿದ್ದರೆ ಓಪನ್‌ಬಿಎಸ್‌ಡಿಯ ಫೈರ್‌ವಾಲ್ ಪಿಎಫ್ ಅದನ್ನು ತಡೆಯುತ್ತಿರಬಹುದು. ಸೇನ್ಡಿ ಸಂರಚನೆಯ ‘ಡೇಟಾ_ಪೋರ್ಟ್‌ರೇಂಜ್’ನಲ್ಲಿ 10000ದಿಂದ 10100ರಂತೆ ಒಂದು ವ್ಯಾಪ್ತಿ ಕೊಟ್ಟು, ಪಿಎಫ್‌ನಲ್ಲಿ ಅಷ್ಟನ್ನೇ ತೆರೆಯಿರಿ.

ಇಷ್ಟೆಲ್ಲ ಆದ ಮೇಲೂ ದೋಷ ಉಳಿದರೆ ಅದೇ ಯಂತ್ರವನ್ನು ಲಿನಕ್ಸ್ ಪೆನ್‌ಡ್ರೈವ್‌ನಿಂದ ಶುರು ಮಾಡಿ. ಅದೇ ಸ್ಕ್ಯಾನರ್, ಅದೇ ವೈರು, ಅದೇ ಕಿಂಡಿ, ಸಾಧ್ಯವಾದರೆ ಸೇನ್‌ನ ಅದೇ ಆವೃತ್ತಿ. ಅಲ್ಲಿಯೂ ಡೀಬಗ್ 255 ಇಟ್ಟು ದಾಖಲೆ ಇಳಿಸಿ, ಎರಡು ದಾಖಲೆಗಳನ್ನು ಪಕ್ಕಪಕ್ಕ ಇಡಿ. ಮೊದಲ ಸಾಲಿನಿಂದ ಓದುತ್ತಾ ಹೋಗಿ. ಎರಡೂ ಬೇರೆಯಾಗುವ ಮೊದಲ ಸಾಲಿನ ಹತ್ತಿರವೇ ನಿಮ್ಮ ದೋಷ ಇರುತ್ತದೆ. ಅದರ ಕೆಳಗಿನ ದೋಷ ಸಂದೇಶಗಳು ಹೆಚ್ಚಾಗಿ ಅದರ ಪರಿಣಾಮ ಮಾತ್ರ, ಅವುಗಳ ಹಿಂದೆ ಹೋಗಬೇಡಿ. ಲಿನಕ್ಸ್‌ನಲ್ಲೂ ಅದೇ ದೋಷ ಬಂದರೆ ಅದು ಬೇರೆ ವ್ಯವಸ್ಥೆಗೆ ಒಯ್ದದ್ದರ (ಪೋರ್ಟಿಂಗ್) ತೊಂದರೆ ಅಲ್ಲ, ಬ್ಯಾಕೆಂಡ್‌ನದು ಅಥವಾ ಸ್ಕ್ಯಾನರ್‌ನದು.

ವರದಿ ಕಳಿಸುವಾಗ ಈ ಎರಡೂ ದಾಖಲೆ, ಡಿಮೆಸೇಜ್, ಕಾನ್ಫಿಗರ್ ಸಾರಾಂಶ, ಸೇನ್ ಮತ್ತು ಲಿಬ್‌ಯುಎಸ್‌ಬಿಯ ಆವೃತ್ತಿ, ಸ್ಕ್ಯಾನರ್‌ನ ಎರಡೂ ಯುಎಸ್‌ಬಿ ಗುರುತು ಸೇರಿಸಿ. ಡಿಎಲ್ಎಲ್ ಹೆಸರಿನ ಬಾಲ, ಫೋರ್ಕ್-ಥ್ರೆಡ್‌ನಂಥ ತಿದ್ದುಪಡಿ ಸೇನ್‌ನ ಮೂಲ ಯೋಜನೆಗೆ ಹೋಗಬೇಕು. ಕೋಶ, ಅನುಮತಿ, ಶುರುಮಾಡುವ ಸ್ಕ್ರಿಪ್ಟ್‌ನದು ನಿಮ್ಮ ವ್ಯವಸ್ಥೆಯಲ್ಲಿ ಸೇನ್ ಪ್ಯಾಕೇಜ್ ನೋಡಿಕೊಳ್ಳುವವರಿಗೆ. ಪ್ಯಾಚ್ ಚಿಕ್ಕದಿರಲಿ, ಒಂದು ಪ್ಯಾಚ್‌ನಲ್ಲಿ ಒಂದೇ ವಿಷಯ ಇರಲಿ, ಲಿನಕ್ಸ್‌ನಲ್ಲಿ ಮತ್ತೆ ಕಟ್ಟಿ ಅಲ್ಲಿ ಏನೂ ಕೆಟ್ಟಿಲ್ಲ ಎಂದು ನೋಡಿ ಕಳಿಸಿ.